ಒಡ್ಡಿನ ತಪಾಸಣೆ: ಎಲ್ಲಿ, ಯಾವಾಗ?

ಕೇಳುಗರೆಲ್ಲರಿಗೂ ನಮಸ್ಕಾರ.

ನೀರು ಉಕ್ಕಿ ಮೇಲಿಂದ ಹರಿದರೆ ಮಾತ್ರ ಪ್ರವಾಹದ ಒಡ್ಡು ಒಡೆಯುತ್ತದೆ ಎಂದುಕೊಳ್ಳುತ್ತೇವೆ. ಆದರೆ 2005ರ ಕತ್ರೀನಾ ಚಂಡಮಾರುತದಲ್ಲಿ ನ್ಯೂ ಆರ್ಲಿಯನ್ಸ್‌ನ 17ನೇ ಬೀದಿ ಕಾಲುವೆಯ ತಡೆಗೋಡೆ, ನೀರು ಅದರ ತಲೆ ಮುಟ್ಟುವ ಮೊದಲೇ ಕುಸಿಯಿತು. ಅಡಿಯ ಮೆತ್ತನೆಯ ಜೇಡಿಮಣ್ಣು ಜಾರಿತ್ತು. ನೆದರ್‌ಲೆಂಡ್ಸ್‌ನ ವಿಲ್ನಿಸ್‌ನಲ್ಲಿ 2003ರ ಆಗಸ್ಟ್‌ನಲ್ಲಿ ಒಡ್ಡು ಒಡೆದದ್ದು ಪ್ರವಾಹದಲ್ಲಲ್ಲ, ಬರಗಾಲದ ಬೇಸಿಗೆಯಲ್ಲಿ! ಅದು ಕೊಳೆತ ಸಸ್ಯಗಳಿಂದಾದ ಪೀಟ್ ಮಣ್ಣಿನ ಒಡ್ಡು. ಒಣಗಿ ತೂಕ ಕಳೆದುಕೊಂಡಾಗ ಕಾಲುವೆಯ ನೀರು ಅದನ್ನು ಪಕ್ಕಕ್ಕೆ ತಳ್ಳಿಬಿಟ್ಟಿತು. ಮಳೆಗಾಲಕ್ಕೆ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಎಂದು ತಾರೀಖು ಹಾಕಿಕೊಂಡು ನೋಡುವವರ ಕಣ್ಣಿಗೆ ಇಂಥದ್ದು ಬೀಳುವುದು ಕಷ್ಟ.

ಹಾಗೆಂದು ಉದ್ದಕ್ಕೂ, ಸದಾ ನೋಡುತ್ತಿರಲು ಹಣವೂ ಸಾಲದು, ಜನವೂ ಸಾಲದು. ನೋಡಿದ್ದರಿಂದ ನಮ್ಮ ತೀರ್ಮಾನ ಬದಲಾಗಬಹುದಾದ ಕಡೆ ಮೊದಲು ನೋಡಬೇಕು ಎಂಬುದು ನನ್ನ ವಾದ. 1953ರ ಪ್ರವಾಹದಲ್ಲಿ 1,836 ಜೀವಗಳನ್ನು ಕಳೆದುಕೊಂಡ ನೆದರ್‌ಲೆಂಡ್ಸ್‌ನಲ್ಲಿ ಗಣಿತಜ್ಞ ಡೇವಿಡ್ ವಾನ್ ದಾಂತ್ಸಿಗ್, ಒಡ್ಡು ಎತ್ತರಿಸುವ ಖರ್ಚನ್ನೂ ಒಡೆದರೆ ಆಗುವ ನಷ್ಟವನ್ನೂ ಒಟ್ಟಿಗೆ ತೂಗುವ ಲೆಕ್ಕವನ್ನು 1956ರಲ್ಲಿ ಮುಂದಿಟ್ಟರು. ಆ ಬಗೆಯ ಲೆಕ್ಕ ತಪಾಸಣೆಗೂ ಒಗ್ಗುತ್ತದೆ.

ಒಂದು ಕಲ್ಪಿತ ಒಡ್ಡು ತೆಗೆದುಕೊಳ್ಳಿ. ದುರಸ್ತಿಗೆ 20 ಪಾಲು ಖರ್ಚು, ಒಡೆದರೆ 1,000 ಪಾಲು ನಷ್ಟ. ಅದು ಒಳಗೆ ಟೊಳ್ಳಾಗಿದ್ದರೆ ಒಡೆಯುವ ಸಾಧ್ಯತೆ ನೂರಕ್ಕೆ 4, ಗಟ್ಟಿಯಿದ್ದರೆ ಭಯವಿಲ್ಲ. ಯಾವುದೆಂದು ಗೊತ್ತಿಲ್ಲ, ಎರಡೂ ಸಮಸಮ. ಕಣ್ಣುಮುಚ್ಚಿ ದುರಸ್ತಿ ಮಾಡಿದರೂ 20, ಸುಮ್ಮನೆ ಬಿಟ್ಟರೂ ಸರಾಸರಿ 20. ಆದರೆ 2 ಪಾಲು ಕೊಟ್ಟು ಕೊರೆದು ನೋಡಿ, ಟೊಳ್ಳಿದ್ದರೆ ಮಾತ್ರ ರಿಪೇರಿ ಮಾಡಿದರೆ? ಸರಾಸರಿ 12ಕ್ಕೇ ಮುಗಿಯುತ್ತದೆ. ಒಡ್ಡಿನ ಹಿಂದೆ ದೊಡ್ಡ ಊರಿದ್ದು, ಕೊರೆದಾಗ ಏನೇ ಕಂಡರೂ ದುರಸ್ತಿ ಮಾಡಲೇಬೇಕು ಎನ್ನುವಂತಿದ್ದರೆ, ಆ 2 ಪಾಲೂ ದಂಡ. ನೇರ ಕೆಲಸಕ್ಕಿಳಿಯುವುದೇ ಸರಿ.

ಯಾವ ತಪಾಸಣೆಯೂ ಪೂರ್ತಿ ನಿಜ ಹೇಳುವುದಿಲ್ಲ ಎಂಬುದನ್ನೂ ಲೆಕ್ಕಕ್ಕೆ ಸೇರಿಸಬೇಕು. ಕಾಲ್ನಡಿಗೆಯಲ್ಲಿ ನೋಡುವುದು ಅಗ್ಗ, ಆದರೆ ಒಳಗಿನದು ಕಾಣುವುದಿಲ್ಲ. ಕೊರೆದು ಮಣ್ಣು ತೆಗೆಯುವುದು ದುಬಾರಿ, ಅದೂ ಆ ಒಂದು ಜಾಗದ ಸುದ್ದಿ ಮಾತ್ರ. ಆದ್ದರಿಂದ ಮೊದಲು ನಡೆದು ನೋಡಿ, ಅನುಮಾನ ಬಂದಲ್ಲಿ ಕೊರೆಯುವುದು ಜಾಣತನ.

ನಡೆಯುವವರಿಗೆ ಏನು ನೋಡಬೇಕೆಂದು ಗೊತ್ತಿರಬೇಕು. ನದಿ ತುಂಬಿರುವಾಗ ಒಡ್ಡಿನ ಊರ ಕಡೆಯ ಬುಡದಲ್ಲಿ ನೀರು ಜಿನುಗಿ ಸಣ್ಣ ಒರತೆಯಾಗುತ್ತದೆ. ನೀರು ತಿಳಿಯಾಗಿದ್ದರೆ ಗುರುತು ಹಾಕಿ ಕಾಯಬಹುದು. ಬಾಯಿಯ ಸುತ್ತ ಮರಳು ಗುಡ್ಡೆ ಕಟ್ಟುತ್ತಿದ್ದರೆ, ಒಡ್ಡಿನ ಅಡಿಯ ಮಣ್ಣೇ ಕೊಚ್ಚಿ ಬರುತ್ತಿದೆ ಎಂದರ್ಥ. ಒರತೆಯ ಬಾಯಿ ಮುಚ್ಚಬಾರದು. ಸುತ್ತ ಮರಳುಚೀಲ ಜೋಡಿಸಿ ಒಳಗೆ ನೀರು ನಿಲ್ಲುವಂತೆ ಮಾಡಿದರೆ ಹರಿವಿನ ಒತ್ತಡ ತಗ್ಗುತ್ತದೆ.

ಕಂಡದ್ದನ್ನು ಬರೆದಿಡದಿದ್ದರೆ ಮುಂದಿನ ಸಲ ಮತ್ತೆ ಮೊದಲಿನಿಂದಲೇ ಶುರು. ಒಡ್ಡಿನಲ್ಲಿ ಬಿರುಕು ಕಂಡಲ್ಲಿ ಗುರುತಿಗೆ ಗೂಟ ನೆಟ್ಟು, ಪ್ರತಿಸಲ ಅದೇ ಗೂಟದ ಬಳಿ ಬಿರುಕನ್ನು ಅಳೆಯಿರಿ. ಅದು ಬೆಳೆಯದಿದ್ದರೆ ಮುಂದಿನ ಭೇಟಿಯನ್ನು ಮುಂದೂಡಿ, ಆ ಹಣವನ್ನು ಅನುಮಾನವಿರುವ ಬೇರೆ ಜಾಗಕ್ಕೆ ಕೊಡಬಹುದು. ಬೆಳೆಯುತ್ತಿದ್ದರೆ ತಾರೀಖು ಹತ್ತಿರಕ್ಕೆ ಬರಬೇಕು. ನಮಸ್ಕಾರ.