ಬೇಸಿಗೆಯ ಗೋಧಿ ಬಿಯರಿಗೆ ಕಿತ್ತಳೆಯೂ ಬೇಡ, ಕಾಫಿಯೂ ಬೇಡ

ಎಲ್ಲರಿಗೂ ನಮಸ್ಕಾರ. ಹಾಸನ, ಚಿಕ್ಕಮಗಳೂರು ಕಡೆಯವರ ನಡುವೆ ಗೋಧಿ ಬಿಯರಿನ ಮಾತು ಬಂದಾಗ ಮೊದಲು ಏಳುವ ಪ್ರಶ್ನೆ, ಅದಕ್ಕೆ ನಮ್ಮದು ಅನ್ನುವಂಥ ಏನನ್ನು ಸೇರಿಸಬಹುದು ಎಂಬುದು. ಕಾಫಿ ತೋಟದಲ್ಲಿ ಬೆಳೆದ ಕಿತ್ತಳೆಯ ಸಿಪ್ಪೆಯೋ, ಏಲಕ್ಕಿಯೋ, ಜೇನುತುಪ್ಪವೋ, ಅರೇಬಿಕಾ ಡಿಕಾಕ್ಷನ್ನೋ ಎಂದು ಪಟ್ಟಿ ಬೆಳೆಯುತ್ತದೆ. ಇವುಗಳಲ್ಲಿ ಒಂದನ್ನೂ ಹಾಕಬೇಡಿ ಎನ್ನುವುದು ನನ್ನ ವಾದ. ಬೇಸಿಗೆಗೆಂದು ಗೋಧಿ ಬಿಯರ್ ರೂಪಿಸುವವರು ತಮ್ಮ ಬುದ್ಧಿಯನ್ನೆಲ್ಲ ಖರ್ಚು ಮಾಡಬೇಕಾದದ್ದು ಬಿಯರನ್ನು ಹುದುಗಿಸುವ ಯೀಸ್ಟಿನ ಆಯ್ಕೆಯ ಮೇಲೆ ಮತ್ತು ಆ ಯೀಸ್ಟ್ ಕೆಲಸ ಮಾಡುವ ಮೂರು ನಾಲ್ಕು ದಿನಗಳ ಉಷ್ಣಾಂಶದ ಮೇಲೆ.

ಮುಂದುವರಿಯುವ ಮೊದಲು ಕಾನೂನಿನ ಮಾತನ್ನು ಹೇಳಿಬಿಡುತ್ತೇನೆ. 1965ರ ಕರ್ನಾಟಕ ಅಬಕಾರಿ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಮದ್ಯ ತಯಾರಿಸುವಂತಿಲ್ಲ, ಅದು ಅಡುಗೆಮನೆಯ ಇಪ್ಪತ್ತು ಲೀಟರ್ ಬಿಯರ್ ಆದರೂ ಸರಿ. ಬ್ರಿಟನ್ನಿನಲ್ಲಿ 1963ರಿಂದ ಮನೆಬಳಕೆಯ ಬಿಯರಿಗೆ ಪರವಾನಗಿ ಬೇಕಿಲ್ಲ. ಅಮೆರಿಕದಲ್ಲಿ 1978ರ ಕಾನೂನು ಅದಕ್ಕೆ ದಾರಿ ಮಾಡಿಕೊಟ್ಟಿತು. ಆದ್ದರಿಂದ ಈ ಪಾಕ, ಅಂಥ ದೇಶಗಳಲ್ಲಿ ನೆಲೆಸಿರುವ ನಮ್ಮ ಊರುಗಳ ಹುಡುಗ ಹುಡುಗಿಯರಿಗೆ, ಪರವಾನಗಿ ಪಡೆದ ಸಣ್ಣ ಬ್ರೂವರಿಗಳಲ್ಲಿ ದುಡಿಯುವವರಿಗೆ, ಮತ್ತು ಲೋಟದಲ್ಲಿ ಬಂದದ್ದು ಚೆನ್ನಾಗಿದೆಯೇ ಇಲ್ಲವೇ ಎಂದು ತೂಗಿ ನೋಡಬಯಸುವ ಇಲ್ಲಿನವರಿಗೆ. ಗೋಧಿ ಬಿಯರಿಗೂ ಪರವಾನಗಿಗೂ ಇರುವ ನಂಟು ಹೊಸದೇನಲ್ಲ ಎನ್ನುವುದನ್ನೂ ನೆನಪಿಡಬಹುದು. 1516ರಲ್ಲಿ, ಈಗ ಜರ್ಮನಿಯ ಭಾಗವಾಗಿರುವ ಬವೇರಿಯಾದ ಪ್ರಸಿದ್ಧ ಶುದ್ಧತಾ ಶಾಸನ ಬಿಯರಿಗೆ ಬಾರ್ಲಿ, ಹಾಪ್ಸ್ ಎಂಬ ಕಹಿ ಹೂವು ಮತ್ತು ನೀರು ಮಾತ್ರ ಎಂದು ವಿಧಿಸಿತು. ಗೋಧಿಯಿಂದ ಬಿಯರ್ ಮಾಡುವ ಹಕ್ಕು ಡೇಗೆನ್‌ಬೆರ್ಗ್ ಎಂಬ ಸಿರಿವಂತ ಮನೆತನದ ಕೈಯಲ್ಲಿದ್ದು, 1602ರಲ್ಲಿ ಅಲ್ಲಿನ ದೊರೆಗಳ ಪಾಲಾಯಿತು. 1872ರಲ್ಲಿ ಜಾರ್ಜ್ ಶ್ನೈಡರ್ ಎಂಬ ಬ್ರೂವರ್ ಆ ಹಕ್ಕನ್ನು ಪಡೆದುಕೊಂಡ ಮೇಲೆಯೇ ಅದು ಸಾಮಾನ್ಯ ಬ್ರೂವರಿಗಳತ್ತ ಬರತೊಡಗಿದ್ದು.

ಗೋಧಿ ಬಿಯರಿನಲ್ಲಿ ಎರಡು ದೊಡ್ಡ ಸಂಪ್ರದಾಯಗಳಿವೆ. ಬೆಲ್ಜಿಯಂನ ವಿಟ್‌ಬಿಯರಿಗೆ ಮೊಳಕೆ ಕಟ್ಟದ ಗೋಧಿ, ಕೊತ್ತಂಬರಿ ಬೀಜ ಮತ್ತು ಕಿತ್ತಳೆ ಸಿಪ್ಪೆ ಬೀಳುತ್ತವೆ; ನಿಂತೇಹೋಗಿದ್ದ ಅದನ್ನು 1960ರ ದಶಕದಲ್ಲಿ ಹೂಗಾರ್ಡೆನ್ ಎಂಬ ಊರಿನಲ್ಲಿ ಪಿಯೆರ್ ಸೆಲಿಸ್ ಮತ್ತೆ ಆರಂಭಿಸಿದರು. ಅಲ್ಲಿ ಕಿತ್ತಳೆಗೆ ನ್ಯಾಯವಾದ ಸ್ಥಾನವಿದೆ, ನನಗೆ ಅದರ ಮೇಲೆ ಜಗಳವಿಲ್ಲ. ನಾನು ಇಂದು ಮಾತನಾಡುತ್ತಿರುವುದು ಬವೇರಿಯಾದ ಹೆಫೆವೈಟ್ಸನ್ ಬಗ್ಗೆ. ಅದರಲ್ಲಿ ಬಾಳೆಹಣ್ಣಿನ ಪರಿಮಳವಿರುತ್ತದೆ, ಲವಂಗದ ಘಮವಿರುತ್ತದೆ, ಆದರೆ ಬಾಳೆಯನ್ನೂ ಲವಂಗವನ್ನೂ ಯಾರೂ ಹಾಕಿರುವುದಿಲ್ಲ. ಎರಡೂ ಯೀಸ್ಟಿನ ಕೆಲಸ. ಬಾಳೆಯ ಪರಿಮಳ ಐಸೊಅಮೈಲ್ ಅಸಿಟೇಟ್ ಎಂಬ ಎಸ್ಟರಿನದು, ಮಾಗಿದ ಬಾಳೆಹಣ್ಣಿನಲ್ಲಿರುವುದೂ ಅದೇ ವಸ್ತು. ಲವಂಗದ ಘಮ ಧಾನ್ಯದೊಳಗಿನ ಫೆರುಲಿಕ್ ಆಮ್ಲವನ್ನು ಯೀಸ್ಟ್ ಬದಲಾಯಿಸಿದಾಗ ಹುಟ್ಟುವ ಫೀನಾಲಿನದು. ಇಷ್ಟು ಸೂಕ್ಷ್ಮವಾದ ಎರಡು ಪರಿಮಳಗಳ ಮೇಲೆ ಕಾಫಿಯ ಹುರಿದ ಕಹಿಯನ್ನು ಸುರಿದರೆ ಉಳಿಯುವುದು ತಣ್ಣನೆಯ, ನೊರೆಯುಳ್ಳ ಕಾಫಿ ಮಾತ್ರ.

ಇನ್ನು ಇಪ್ಪತ್ತು ಲೀಟರಿಗೆ ಬೇಕಾದ ಲೆಕ್ಕ. ಎರಡೂವರೆ ಕಿಲೋ ಗೋಧಿ ಮಾಲ್ಟ್ (ಮಾಲ್ಟ್ ಎಂದರೆ ಮೊಳಕೆ ಕಟ್ಟಿಸಿ ಒಣಗಿಸಿದ ಧಾನ್ಯ), ಸುಮಾರು 1.6 ಕಿಲೋ ಪಿಲ್ಸ್‌ನರ್ ಬಾರ್ಲಿ ಮಾಲ್ಟ್, ಅಷ್ಟೇ. ಹೀಗೆ ಗೋಧಿಯ ಪಾಲು ಶೇಕಡಾ 60ರಷ್ಟಾಗುತ್ತದೆ. ಜರ್ಮನಿಯಲ್ಲಿ ಗೋಧಿ ಬಿಯರ್ ಎನಿಸಿಕೊಳ್ಳಲು ಕನಿಷ್ಠ ಅರ್ಧದಷ್ಟಾದರೂ ಗೋಧಿ ಮಾಲ್ಟ್ ಇರಬೇಕು. ಧಾನ್ಯದಿಂದ ಶೇಕಡಾ 70ಕ್ಕಿಂತ ತುಸು ಹೆಚ್ಚು ಸಕ್ಕರೆ ಇಳಿದುಬಂದರೆ ಹೈಡ್ರೋಮೀಟರಿನಲ್ಲಿ 1.046ರ ಆಸುಪಾಸಿನ ಸಾಂದ್ರತೆ ಕಾಣುತ್ತದೆ, ಹುದುಗಿ ಮುಗಿಯುವಾಗ 1.011ಕ್ಕೆ ಇಳಿದರೆ ಆಲ್ಕೋಹಾಲ್ ಶೇಕಡಾ 4.6ರಷ್ಟು ನಿಲ್ಲುತ್ತದೆ. ಮಧ್ಯಾಹ್ನದ ಬಿಸಿಲಿನಲ್ಲಿ ಕುಡಿಯುವುದಕ್ಕೆ ಇದಕ್ಕಿಂತ ಗಟ್ಟಿಯಾದದ್ದು ಬೇಕಿಲ್ಲ. ರಾಗಿಯನ್ನೇಕೆ ಹಾಕಬಾರದು ಎಂದು ಕೇಳುವವರಿದ್ದಾರೆ. ಮೊಳಕೆ ಕಟ್ಟಿದ ರಾಗಿಯಲ್ಲಿ ಪಿಷ್ಟವನ್ನು ಸಕ್ಕರೆಯಾಗಿಸುವ ಕಿಣ್ವಗಳು ಚೆನ್ನಾಗಿಯೇ ಇರುತ್ತವೆ, ಮಗುವಿಗೆ ರಾಗಿ ಸರಿ ಮಾಡುವ ಮನೆಗಳಿಗೆ ಇದು ಗೊತ್ತು. ಆದರೆ ಅದು ಬೇರೆಯದೇ ಬಿಯರಿನ ವಿಚಾರ, ಅದಕ್ಕೊಂದು ಪ್ರತ್ಯೇಕ ಸಂಚಿಕೆಯೇ ಬೇಕು.

ನಮ್ಮ ಸೀಮೆಯ ಒಂದು ವಸ್ತು ಮಾತ್ರ ಈ ಪಾಕಕ್ಕೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ, ಮತ್ತು ಅದಕ್ಕೆ ರುಚಿಯೇ ಇಲ್ಲ. ಬಾರ್ಲಿಗಿರುವಂತೆ ಗೋಧಿಗೆ ಹೊರಸಿಪ್ಪೆ ಉಳಿಯುವುದಿಲ್ಲವಾದ್ದರಿಂದ, ಬಿಸಿನೀರಿನಲ್ಲಿ ನೆನೆದ ಗೋಧಿ ಮಾಲ್ಟ್ ಅಂಟಂಟಾಗಿ ಒತ್ತಿಕೊಂಡು, ಸಿಹಿರಸ ಕೆಳಗೆ ಇಳಿಯದೆ ನಿಂತುಬಿಡುತ್ತದೆ. ಅದಕ್ಕೆ ಪರಿಹಾರ ಭತ್ತದ ಹೊಟ್ಟು. ಆಲೂರು, ಸಕಲೇಶಪುರದ ಕಡೆ ಭತ್ತದ ಗಿರಣಿಯ ಹಿಂದೆ ಗುಡ್ಡೆಯಾಗಿ ಬೀಳುವ ಇದನ್ನೇ ಹೊರದೇಶದ ಬಿಯರ್ ಸಾಮಗ್ರಿಯ ಅಂಗಡಿಗಳು ಪ್ಯಾಕೆಟ್ಟಿನಲ್ಲಿ ತುಂಬಿ ಮಾರುತ್ತವೆ. ಇನ್ನೂರು ಗ್ರಾಂ ಹೊಟ್ಟನ್ನು ಧೂಳು ಹೋಗುವಂತೆ ಎರಡು ಮೂರು ನೀರಿನಲ್ಲಿ ತೊಳೆದು ಮಾಲ್ಟಿನೊಂದಿಗೆ ಬೆರೆಸಿದರೆ ರಸ ಸರಾಗವಾಗಿ ಸೋಸಿ ಬರುತ್ತದೆ.

ಮಾಲ್ಟನ್ನು ಮೊದಲು 44 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಕಾಲು ಗಂಟೆ ಇಡುವುದು ಹಳೆಯ ಕ್ರಮ. ಫೆರುಲಿಕ್ ಆಮ್ಲ ಧಾನ್ಯದಿಂದ ಬಿಡುಗಡೆಯಾಗುವುದು ಆ ಹಂತದಲ್ಲಿ, ಅಂದರೆ ಲವಂಗದ ಘಮಕ್ಕೆ ಬೇಕಾದ ಕಚ್ಚಾವಸ್ತು ಸಿದ್ಧವಾಗುವುದು ಅಲ್ಲಿಯೇ. ಬಳಿಕ ಕುದಿನೀರು ಸೇರಿಸಿ 66 ಡಿಗ್ರಿಗೆ ಏರಿಸಿ ಒಂದು ಗಂಟೆ ಬಿಡಬೇಕು. ಹಾಪ್ಸ್ ವಿಷಯದಲ್ಲಿ ಹೆಚ್ಚು ಮಾತೇ ಬೇಡ: ಕಹಿಗೆ ಕಾರಣವಾದ ಆಲ್ಫಾ ಆಮ್ಲ ಶೇಕಡಾ 4ರಷ್ಟಿರುವ ಹಾಲರ್‌ಟಾವ್ ಹಾಪ್ಸ್ 25 ಗ್ರಾಂ, ಕುದಿಯ ಆರಂಭದಲ್ಲಿ ಒಮ್ಮೆ. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗಿಂತ ಎತ್ತರದಲ್ಲಿರುವುದರಿಂದ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ, ಹಾಪ್ಸ್ ಕಹಿ ಕೊಂಚ ಕಡಿಮೆ ಇಳಿಯುತ್ತದೆ; ಕಹಿಯ ಗುರಿಯೇ ಹನ್ನೆರಡು ಐಬಿಯು (ಬಿಯರಿನ ಕಹಿಯನ್ನು ಅಳೆಯುವ ಮಾನ) ಆಗಿರುವಾಗ ಈ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಎಣ್ಣೆಗಾಯಿ, ಅಕ್ಕಿರೊಟ್ಟಿ, ಖಾರದ ಚಟ್ನಿಯ ಜೊತೆ ಕಹಿ ಬಿಯರ್ ಕುಡಿದವರಿಗೆ ಬಾಯಿಯುರಿ ಇಮ್ಮಡಿಯಾಗುವ ಅನುಭವ ಇದ್ದೇ ಇರುತ್ತದೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ಗೋಧಿ ಬಿಯರಿನ ಯೀಸ್ಟಿಗೆ 17ರಿಂದ 22 ಡಿಗ್ರಿಯ ವಲಯ ಹಿತವಾದದ್ದು. ಏಪ್ರಿಲ್ ತಿಂಗಳಿನಲ್ಲಿ ಹಾಸನದ ಮಧ್ಯಾಹ್ನ 33 ಡಿಗ್ರಿ ದಾಟುವುದು ಸಾಮಾನ್ಯ, ಹೆಂಚಿನ ಮನೆಯ ಒಳಕೋಣೆಯೂ 27 ಡಿಗ್ರಿಗಿಂತ ಕೆಳಗಿಳಿಯುವುದಿಲ್ಲ. ಹುದುಗುವ ರಸ ತಾನಾಗಿಯೂ ಶಾಖ ಹೊರಸೂಸುವುದರಿಂದ ಪಾತ್ರೆಯ ಒಳಗೆ ಇನ್ನೂ ಮೂರು ನಾಲ್ಕು ಡಿಗ್ರಿ ಏರುತ್ತದೆ. ಆ ಬಿಸಿಯಲ್ಲಿ ಯೀಸ್ಟ್ ನಾಗಾಲೋಟದಲ್ಲಿ ಕೆಲಸ ಮುಗಿಸುತ್ತದೆ ನಿಜ, ಆದರೆ ಬಾಳೆಯ ಪರಿಮಳ ಬಬಲ್‌ಗಮ್ಮಿನ ವಾಸನೆಯಾಗುತ್ತದೆ, ಲವಂಗ ಮುಚ್ಚಿಹೋಗುತ್ತದೆ, ಫ್ಯೂಸಲ್ ಎಂಬ ಒರಟು ಆಲ್ಕೋಹಾಲುಗಳು ಹೆಚ್ಚಿ ಬಣ್ಣದ ಅಂಗಡಿಯ ಥಿನ್ನರಿನಂಥ ಉರಿ ಗಂಟಲಿಗೆ ತಗಲುತ್ತದೆ. ಕಿತ್ತಳೆ ಸಿಪ್ಪೆ, ಜೇನುತುಪ್ಪ, ಏಲಕ್ಕಿಗಳು ಬಹುಪಾಲು ಈ ದೋಷವನ್ನು ಮುಚ್ಚಲು ಬರುವ ಹೊದಿಕೆಗಳು ಎಂಬುದು ನನ್ನ ಖಚಿತ ಅಭಿಪ್ರಾಯ. ಉಷ್ಣಾಂಶ ಸರಿಯಿದ್ದ ಬಿಯರಿಗೆ ಅವುಗಳ ನೆನಪೂ ಬರುವುದಿಲ್ಲ.

ನಾನು ಸೂಚಿಸುವ ಕ್ರಮ ಹೀಗಿದೆ. ಕುದಿಸಿದ ರಸವನ್ನು 17 ಡಿಗ್ರಿಗೆ ತಣಿಸಿದ ಮೇಲೆಯೇ ಯೀಸ್ಟ್ ಹಾಕಬೇಕು. ಮೊದಲ ಮೂರು ದಿನ 18 ಅಥವಾ 19ರಲ್ಲಿ ಹಿಡಿದಿಡಬೇಕು. ಪರಿಮಳದ ಬಹುಪಾಲು ತೀರ್ಮಾನವಾಗುವುದು ಈ ಅವಧಿಯಲ್ಲಿ. ಆಮೇಲೆ 21ರವರೆಗೆ ಏರಲು ಬಿಟ್ಟರೆ ಹುದುಗುವಿಕೆ ಚೊಕ್ಕವಾಗಿ ಮುಗಿಯುತ್ತದೆ. ಥರ್ಮೋಸ್ಟಾಟ್ ಜೋಡಿಸಿದ ಹಳೆಯ ಫ್ರಿಜ್ ಇದ್ದರೆ ಚಿಂತೆಯೇ ಇಲ್ಲ. ಇಲ್ಲದವರು ಪಾತ್ರೆಯನ್ನು ನೀರು ತುಂಬಿದ ಟಬ್ಬಿನಲ್ಲಿ ನಿಲ್ಲಿಸಿ, ಒದ್ದೆ ಗೋಣಿಚೀಲ ಸುತ್ತಿ, ಬೆಳಿಗ್ಗೆ ಸಂಜೆ ಮಂಜುಗಡ್ಡೆಯ ಬಾಟಲಿಗಳನ್ನು ಬದಲಿಸಬಹುದು. ಮಣ್ಣಿನ ಹೂಜಿಯಲ್ಲಿ ನೀರು ತಣ್ಣಗಾಗುವಂತೆಯೇ ಇದೂ ಆವಿಯಿಂದ ತಣಿಯುವ ಉಪಾಯವಾದ್ದರಿಂದ ಹಾಸನದಂಥ ಒಣ ಬೇಸಿಗೆಯಲ್ಲಿ ಕೆಲಸ ಮಾಡುತ್ತದೆ, ಮಂಗಳೂರಿನ ತೇವದ ಸೆಖೆಯಲ್ಲಿ ಅಷ್ಟು ಫಲ ಕೊಡುವುದಿಲ್ಲ.

ಇಷ್ಟೆಲ್ಲ ಪಾಡೇಕೆ, ಕ್ವೈಕ್ ಹಾಕಿದರಾಯಿತಲ್ಲ ಎಂದು ತಿಳಿದವರು ಹೇಳುತ್ತಾರೆ. ನಾರ್ವೆಯ ರೈತರ ಮನೆಗಳಲ್ಲಿ ತಲೆಮಾರುಗಳಿಂದ ಉಳಿದುಬಂದ ಆ ಯೀಸ್ಟ್ 35 ಡಿಗ್ರಿಯಲ್ಲೂ ದೋಷವಿಲ್ಲದ ಬಿಯರ್ ಕೊಡುತ್ತದೆ ಎಂಬುದು ಸತ್ಯ, ಅದರ ವೋಸ್ ತಳಿ ತಾನಾಗಿಯೇ ಕಿತ್ತಳೆಯ ಪರಿಮಳವನ್ನೂ ತರುತ್ತದೆ. ಆದರೆ ಕ್ವೈಕ್ ತಳಿಗಳು ಸಾಮಾನ್ಯವಾಗಿ ಲವಂಗದ ಫೀನಾಲನ್ನು ತಯಾರಿಸುವುದಿಲ್ಲ. ಹಾಗೆ ಮಾಡಿದ್ದು ಸೊಗಸಾದ ಬೇಸಿಗೆ ಬಿಯರ್ ಆಗಬಹುದು; ಅದನ್ನು ಹೆಫೆವೈಟ್ಸನ್ ಎಂದು ಕರೆದರೆ ಮಾತ್ರ ನಾನು ಒಪ್ಪುವುದಿಲ್ಲ.

ಕೊನೆಯದು ಗ್ಯಾಸಿನ ವಿಚಾರ. ದಾಹ ತಣಿಸುವ ಗುಣದಲ್ಲಿ ಅರ್ಧ ಪಾಲು ಇದರದು. ಬಾಟಲಿ ತುಂಬುವಾಗ ಲೀಟರಿಗೆ 8ರಿಂದ 9 ಗ್ರಾಂ ಸಕ್ಕರೆ ಹಾಕಿದರೆ ಸಾಮಾನ್ಯ ಬಿಯರಿಗಿಂತ ಹೆಚ್ಚು ಚುರುಕಾದ ನೊರೆ ಬರುತ್ತದೆ. ಸಾಂದ್ರತೆ ಎರಡು ಮೂರು ದಿನ ಒಂದೇ ಅಂಕಿಯಲ್ಲಿ ನಿಂತದ್ದನ್ನು ಖಾತ್ರಿಪಡಿಸಿಕೊಳ್ಳದೆ ತುಂಬಬೇಡಿ, ತೆಳು ಗಾಜಿನ ಬಾಟಲಿಯನ್ನು ಬಳಸಲೇಬೇಡಿ. ಬೇಸಿಗೆಯ ಶಾಖದಲ್ಲಿ ಅದು ಒಡೆದು ಕೈಕಣ್ಣಿಗೆ ಅಪಾಯ ತರಬಲ್ಲದು. ವಾರ ಹತ್ತು ದಿನದಲ್ಲಿ ಗ್ಯಾಸ್ ಹಿಡಿದ ಬಳಿಕ ಫ್ರಿಜ್ಜಿನಲ್ಲಿಟ್ಟು, 7 ಡಿಗ್ರಿಯ ಆಸುಪಾಸಿನಲ್ಲಿ ಲೋಟಕ್ಕೆ ಸುರಿಯಿರಿ. ಮಂಜುಗಡ್ಡೆಯಷ್ಟು ತಣ್ಣಗಾದರೆ ಪರಿಮಳ ಏಳುವುದಿಲ್ಲ. ತಳದಲ್ಲಿ ಕೂತ ಯೀಸ್ಟನ್ನು ಕೊನೆಯ ಎರಡು ಬೆರಳಿನಷ್ಟು ಬಿಯರಿನೊಂದಿಗೆ ಮೆಲ್ಲಗೆ ತಿರುಗಿಸಿ ಲೋಟಕ್ಕೆ ಸೇರಿಸಬೇಕು, ಮಬ್ಬು ಬಣ್ಣ ಇದಕ್ಕೆ ಸಹಜ. ಲೋಟದ ಅಂಚಿಗೆ ನಿಂಬೆಹೋಳು ಸಿಕ್ಕಿಸುವವರಿಗೆ ಒಂದು ಮಾತು: ಸಿಪ್ಪೆಯ ಎಣ್ಣೆ ನೊರೆಯನ್ನು ಕ್ಷಣದಲ್ಲಿ ಕೂರಿಸಿಬಿಡುತ್ತದೆ. ಈ ಬಿಯರನ್ನು ಕೂಡಿಟ್ಟು ಪ್ರಯೋಜನವಿಲ್ಲ, ತುಂಬಿದ ಆರು ವಾರದೊಳಗೆ ಮುಗಿಸಬೇಕು. ಏಪ್ರಿಲ್ ಮೊದಲ ವಾರ ತುಂಬಿದ್ದು ಮೇ ಮಧ್ಯದ ಹೊತ್ತಿಗೆ ಖಾಲಿಯಾಗಿರುವಷ್ಟೇ ಮಾಡಿಕೊಳ್ಳಿ.