ಎಷ್ಟು ಎತ್ತಿದೆ ಅನ್ನೋದಲ್ಲ, ಮೈಗೆ ಹತ್ತಿತಾ ಅನ್ನೋದು

ಕೇಳುಗರೆಲ್ರಿಗೂ ನಮಸ್ಕಾರ. ದಾವಣಗೆರೆ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತೆ, ಬಯಲು ಕುಸ್ತಿ ಇದ್ದೇ ಇರುತ್ತೆ, ಅದಕ್ಕಂತ ಹುಡುಗರು ತಿಂಗಳುಗಟ್ಟಲೆ ಗರಡೀಲಿ ಸಾಮು ಮಾಡ್ತಾರೆ, ದಂಡ ಬಸ್ಕಿ ಹೊಡೀತಾರೆ, ಈಗಂತೂ ಸಂಜೆ ಜಿಮ್ಮಿಗೂ ಹೋಗ್ತಾರೆ. ಎಷ್ಟು ಕೆಜಿ ಎತ್ತಿದೆ ಅಂತ ಎಲ್ರೂ ಕೇಳ್ತಾರೆ, ಎತ್ತಿದ್ದು ಮೈಗೆ ಹತ್ತಿತಾ ಇಲ್ಲಾ ಮೈಯನ್ನೇ ತಿಂತಾ ಐತಾ ಅಂತ ಕೇಳೋರು ಕಮ್ಮಿ. ಪಿ.ಟಿ. ಮೇಷ್ಟ್ರಾಗಿ ನಂಗೆ ಇದೇ ದೊಡ್ಡ ಸಂಕಟ.

ಅಮೆರಿಕದ ಈಸ್ಟ್ ಟೆನೆಸ್ಸಿ ಸ್ಟೇಟ್ ಯೂನಿವರ್ಸಿಟೀಲಿ ಮೈಕಲ್ ಸ್ಟೋನ್ ಅಂತ ಪ್ರೊಫೆಸರು, ಇದನ್ನೇ ಹಿಡಿದು ದುಡಿದೋರು. 1981ರಲ್ಲೇ ಇಬ್ಬರು ಜೊತೆಗಾರರ ಸಂಗಡ ಒಂದು ಪೇಪರ್ ಬರೆದ್ರು: ವರ್ಷವಿಡೀ ಒಂದೇ ಥರ ಭಾರ ಎತ್ತೋದಲ್ಲ, ಮೊದಲು ತೂಕ ಕಮ್ಮಿ, ರೆಪ್ಸ್ ಅಂದ್ರೆ ಎತ್ತಿ ಇಳಿಸೋ ಸಲ ಜಾಸ್ತಿ, ಆಮೇಲೆ ತೂಕ ಏರಿಸಿ ರೆಪ್ಸ್ ಇಳಿಸ್ಬೇಕು, ಪಂದ್ಯ ಹತ್ರ ಬಂದಂಗೆ ಒಟ್ಟು ಕೆಲಸ ಕಮ್ಮಿ ಮಾಡಿ ಚುರುಕು ಉಳಿಸ್ಕೋಬೇಕು ಅಂತ.

ಅವರಂಥೋರ ಲ್ಯಾಬಲ್ಲಿ ಒಂದು ಪರೀಕ್ಷೆ ಐತೆ, ನಂಗೆ ಬಾಳ ಇಷ್ಟ. ತೊಡೆ ಮಧ್ಯದ ಎತ್ತರಕ್ಕೆ ಅಲುಗಾಡದಂಗೆ ಕಬ್ಬಿಣದ ಬಾರ್ ಬಿಗಿದು, ಕಾಲ ಕೆಳಗೆ ಫೋರ್ಸ್ ಪ್ಲೇಟ್ ಅಂತ ಬಲ ಅಳೆಯೋ ಹಲಗೆ ಇಟ್ಟು, ಈಗ ಎಳಿ ಅಂತಾರೆ. ಬಾರ್ ಏಳಲ್ಲ, ಆದ್ರೆ ನೆಲಕ್ಕೆ ಎಷ್ಟು ಬಲ ಬಿತ್ತು, ಎಷ್ಟು ಬೇಗ ಬಿತ್ತು ಅಂತ ಪ್ಲೇಟು ಸೆಕೆಂಡಿಗೆ ಸಾವಿರ ಸಲ ಲೆಕ್ಕ ಇಡುತ್ತೆ. ಬೇಗ ಅನ್ನೋದೇ ಮುಖ್ಯ ನೋಡ್ರಿ. ಮೈಯಲ್ಲಿರೋ ಪೂರ್ತಿ ಬಲ ಹೊರಗೆ ಬರೋಕೆ 0.3 ಸೆಕೆಂಡಿಗಿಂತ ಜಾಸ್ತಿ ಬೇಕು, ಜೋರಾಗಿ ಓಡೋನ ಪಾದ ನೆಲದ ಮೇಲಿರೋದು ಹೆಚ್ಚುಕಮ್ಮಿ 0.1 ಸೆಕೆಂಡು. ಪಟ್ಟು ಹಾಕೋವಾಗ್ಲೂ ಎದುರಾಳಿ ನಿಮ್ಮ ಬಲ ಬರೋತನಕ ಕಾಯ್ತಾನೇನ್ರಿ?

ಆ ಪ್ಲೇಟು ನಮ್ಮ ಗರಡೀಲಿ ಎಲ್ಲಿ ಬರ್ಬೇಕು. ಗೋಡೆ ಐತಲ್ಲ, ಸೀಮೆಸುಣ್ಣ ಐತಲ್ಲ. ಬೆರಳ ತುದಿಗೆ ಪುಡಿ ಹಚ್ಕೊಂಡು, ಗೋಡೆ ಪಕ್ಕ ನಿಂತು ಕೈ ಚಾಚಿ ಒಂದು ಗುರುತು, ಆಮೇಲೆ ಇದ್ದಲ್ಲಿಂದ್ಲೇ ಜಿಗಿದು ಇನ್ನೊಂದು, ನಡುವಿನ ಅಂತರ ಟೇಪಲ್ಲಿ ಅಳೀರಿ. ಡಡ್ಲಿ ಸಾರ್ಜೆಂಟ್ ಅನ್ನೋರು 1921ರಲ್ಲಿ ಬರೆದ ಪರೀಕ್ಷೆಯಿಂದ ಬಂದಿದ್ದು ಇದು. ಪಕ್ಕದೋನ ಜೊತೆ ಹೋಲಿಸ್ಬೇಡ್ರಿ, ಅವನ ಮೈ ಅವನದು, ನಿಮ್ಮ ಹಿಂದಿನ ವಾರದ ಜೊತೆ ಹೋಲಿಸ್ರಿ.

ಇನ್ನೊಂದು, ಕಾರ್ಲ್ ಫಾಸ್ಟರ್ ಅನ್ನೋ ವಿಜ್ಞಾನಿ ಹೇಳಿದ್ದು. ಸಾಮು ಮುಗಿದು ಅರ್ಧ ಗಂಟೆ ಆದ್ಮೇಲೆ ಹುಡುಗನ್ನ ಕೇಳ್ರಿ, ಇವತ್ತು ಹತ್ತಕ್ಕೆ ಎಷ್ಟು ಕಷ್ಟ ಆಯ್ತಪ್ಪಾ ಅಂತ. 7 ಅಂದ, 60 ನಿಮಿಷ ಮಾಡಿದ್ದ, ಗುಣಿಸಿದ್ರೆ 420, ಅದೇ ಆ ದಿನ ಮೈಮೇಲೆ ಬಿದ್ದ ಹೊರೆಯ ಲೆಕ್ಕ. ನೋಟ್‌ಬುಕ್ಕಲ್ಲಿ ಬರ್ಕೊಳ್ರಿ, ಪಕ್ಕದಲ್ಲಿ ಬೆಳಗಿನ ಮೈತೂಕ ಮತ್ತೆ ನಿದ್ದೆ.

ಉಸ್ತಾದ್ರಲ್ಲಿ ನನ್ನ ವಿನಂತಿ ಇಷ್ಟೇ: ಸಾಮು ಮೊನ್ನೆ ಮಾಡ್ಸಿದ್ದೇ, ಆದ್ರೂ ಹುಡುಗ ಮೊನ್ನೆ 5 ಅಂದೋನು ಇವತ್ತು 8 ಅಂತಾನೆ, ಜಿಗಿತಾನೂ ದಿನೇ ದಿನೇ ಇಳೀತಾ ಐತೆ ಅಂದ್ರೆ ಅವನನ್ನ ಸೋಮಾರಿ ಅಂತ ಬೈಬೇಡ್ರಿ, ಆ ದಿನ ಭಾರ ಇಳಿಸಿ ಬೇಗ ಮನೆಗೆ ಕಳಿಸ್ರಿ, ಎರಡು ದಿನ ಬಿಟ್ಟು ಮತ್ತೆ ಅದೇ ಗೋಡೆ ಹತ್ರ ಜಿಗಿಸಿ ನೋಡ್ರಿ.