ಐವತ್ತು ಸೆಂಟ್ಸ್ ತೋಟಕ್ಕೆ ಎಟುಕುವ ದೋಟಿ

ಕೇಳುಗರಿಗೆಲ್ಲ ನಮಸ್ಕಾರ. ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಕೆ ಬೆಳೆಗಾರರೆಲ್ಲ ಮಳೆ ಹಿಡಿಯುವ ಮೊದಲು ಮದ್ದು ಬಿಡುವ ಗಡಿಬಿಡಿಯಲ್ಲಿದ್ದೀರಿ. ಹೊಸತು ಏನೇ ಬರಲಿ, ನಾನು ಕೇಳುವುದು ಒಂದೇ: ಐವತ್ತು ಸೆಂಟ್ಸ್, ಅಂದರೆ ಅರ್ಧ ಎಕರೆ ತೋಟದವರ ಕೈಗೆ ಅದು ಎಟುಕುತ್ತದೆಯೇ?

ನಾವು ಅಡಕೆಗೆ ಬಿಡುವ ಮದ್ದು, ಬೋರ್ಡೋ ದ್ರಾವಣವನ್ನೇ ನೋಡಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕಿತ್ತು ತಿನ್ನುತ್ತಿದ್ದರು. ಅದನ್ನು ತಪ್ಪಿಸಲು ಬೆಳೆಗಾರರು ದಾರಿಬದಿಯ ಬಳ್ಳಿಗಳಿಗೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಮೆತ್ತಿದ ಹಣ್ಣನ್ನು ಯಾರು ಮುಟ್ಟುತ್ತಾರೆ! 1882ರಲ್ಲಿ ಮಿಲಾರ್ಡೆ ಎಂಬ ಸಸ್ಯವಿಜ್ಞಾನಿಯ ಕಣ್ಣಿಗೆ ಬಿದ್ದದ್ದು ಇದು: ಒಳಗಿನ ಬಳ್ಳಿಗಳ ಎಲೆ ಬೂಜುರೋಗಕ್ಕೆ ಉದುರಿದೆ, ದಾರಿಬದಿಯವು ಮಾತ್ರ ಹಸಿರಾಗಿವೆ. ಪರೀಕ್ಷೆ ಮಾಡಿ ನೋಡಿ, 1885ರಲ್ಲಿ ಆ ಪಾಕವನ್ನು ಪ್ರಕಟಿಸಿಯೇ ಬಿಟ್ಟರು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ಕೃಷಿ ವಿಜ್ಞಾನಿ, ಅಡಕೆಯ ಕಾಯಿ ಕೊಳೆತು ಉದುರುವ ಕೊಳೆರೋಗಕ್ಕೂ ಅದನ್ನೇ ಹೇಳಿದರು. ಇವತ್ತಿಗೂ ಐವತ್ತು ಸೆಂಟ್ಸಿನವರೂ ಹತ್ತು ಎಕರೆಯವರೂ ಬಿಡುವುದು ಒಂದೇ ಮದ್ದು.

ಒಂದು ಕಿಲೋ ಮೈಲುತುತ್ತು ಐವತ್ತು ಲೀಟರ್ ನೀರಿಗೆ, ಒಂದು ಕಿಲೋ ಸುಣ್ಣ ಇನ್ನೈವತ್ತಕ್ಕೆ. ಕಬ್ಬಿಣದ ಪಾತ್ರೆ ಬೇಡ. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯುತ್ತಾ ಕಲಕಬೇಕು. ಉಜ್ಜಿದ ಕತ್ತಿಯನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಅಲಗಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಎಂದರ್ಥ; ಹಾಗೆಯೇ ಬಿಟ್ಟರೆ ಎಳೆಕಾಯಿ ಸುಡುತ್ತದೆ. ಹಳೆಯ, ಗಾಳಿ ತಾಗಿದ ಸುಣ್ಣ ತಂದರೆ ಆಗುವುದೂ ಇದೇ. ಕಲಸಿದ್ದನ್ನು ನಾಳೆಗೆ ಇಡಬೇಡಿ.

ಇನ್ನು ಕಾರ್ಬನ್ ಫೈಬರ್ ದೋಟಿ, ಅಂದರೆ ಒಂದರೊಳಗೊಂದು ಸೇರುವ ಕೊಳವೆಗಳ ಉದ್ದ ಕೋಲು. ಮರ ಹತ್ತದೆ ನೆಲದಲ್ಲೇ ನಿಂತು ಮದ್ದು ಬಿಡಬಹುದು, ಗೊನೆ ತೆಗೆಯಬಹುದು. ಹತ್ತುವವರು ಸಿಗದ ಈ ಕಾಲಕ್ಕೆ ದೊಡ್ಡ ಉಪಕಾರ. ಆದರೆ ಬೆಲೆ ಹತ್ತಾರು ಸಾವಿರ. ಸಹಾಯಧನ ಇದೆ ಎನ್ನುತ್ತಾರೆ. ಮೊದಲು ಪೂರ್ತಿ ಹಣ ಕೊಟ್ಟು ಕೊಂಡ ಮೇಲೆ ಖಾತೆಗೆ ಬರುವ ಸಹಾಯಧನದಿಂದ, ಕೈಯಲ್ಲಿ ಹಣವೇ ಇಲ್ಲದವರಿಗೆ ಏನು ಪ್ರಯೋಜನ? ಐವತ್ತು ಸೆಂಟ್ಸಿನವರಿಗೆ ಎಟುಕಲಿಲ್ಲ, ನೋಡಿ!

ಆದ್ದರಿಂದ ಎಂಟು ಹತ್ತು ಮನೆಯವರು ಸೇರಿ ಒಂದು ದೋಟಿ ಕೊಳ್ಳಿ. ಸರದಿಯನ್ನು ಮಳೆಗೆ ಮೊದಲೇ ಬರೆದಿಡಿ, ಸಣ್ಣ ತೋಟದವರ ಹೆಸರು ಮೇಲಿರಲಿ. ದೊಡ್ಡ ತೋಟ ಮುಗಿಯುವವರೆಗೆ ಕಾದರೆ ಅಷ್ಟರಲ್ಲಿ ಕೊಳೆ ಹತ್ತಿರುತ್ತದೆ. ಕೊಳವೆಯ ಸಂದಿಗೆ ಹೊಯಿಗೆ (ಮರಳು) ಹೋಗದ ಹಾಗೆ ನೋಡಿಕೊಳ್ಳಿ. ಕಾರ್ಬನ್ನಿನಲ್ಲಿ ಕರೆಂಟು ಹರಿಯುತ್ತದೆ, ಮರೆಯಬೇಡಿ: ತಂತಿ ಹಾದುಹೋಗುವ ಸಾಲಿನಲ್ಲಿ ದೋಟಿ ಎತ್ತಲೇಬಾರದು. ನಮಸ್ಕಾರ.